ಆಟದ ಬಯಲಿನ ಬೇಲಿ

ಸಂಜೆಯಾಗುತ್ತಲೇ ಊರ ಹೊರಗಿನ ಬಯಲಿಗೆ ಹೊಸ ಕಳೆ ಬರುತ್ತದೆ. ಒಂದು ಕಡೆ ಕಬಡ್ಡಿಯ ಉಸಿರು, ಇನ್ನೊಂದು ಕಡೆ ಖೋಖೋ ಆಟದ ಕೂಗು, ಮತ್ತೊಂದು ಕಡೆ ಚೆಂಡಿನ ಬೆನ್ನುಹತ್ತಿ ಓಡುವ ಕಾಲುಗಳು ಎಬ್ಬಿಸಿದ ಧೂಳು. ಪುಸ್ತಕಗಳು ಕಲಿಸಲಾರದ ಕೆಲವು ಪಾಠಗಳನ್ನು ಈ ಬಯಲು ಕಲಿಸುತ್ತದೆ. ಸೋತಾಗ ಕುಗ್ಗದಿರುವುದು, ಗೆದ್ದಾಗ ಬೀಗದಿರುವುದು, ತನ್ನ ಹೆಸರಿಗಿಂತ ತಂಡದ ಹೆಸರು ದೊಡ್ಡದೆಂದು ತಿಳಿಯುವುದು, ಇವೆಲ್ಲ ಆಟದಿಂದಲೇ ಮೈಗೂಡತಕ್ಕ ಗುಣಗಳು. ಇಂತಹ ಪಾಠಗಳಿಗಾಗಿಯೇ ತಂದೆತಾಯಿಗಳು ಮಕ್ಕಳನ್ನು ಕ್ರೀಡಾಸಂಘಗಳಿಗೆ ಸೇರಿಸುತ್ತಾರೆ.

ಸಂಘದ ಬಾಗಿಲಲ್ಲಿ ಮಗುವಿನ ಕೈಯನ್ನು ಬಿಡುವಾಗ ತಾಯಿಯಾದವಳು ಯಾವ ಕರಾರುಪತ್ರವನ್ನೂ ಬರೆಸಿಕೊಳ್ಳುವುದಿಲ್ಲ. ಆದರೂ ಅಲ್ಲಿ ಒಂದು ಒಪ್ಪಂದ ನಡೆದುಹೋಗಿರುತ್ತದೆ. ಹೋದ ಮಗು ಹೋದಂತೆಯೇ ಹಿಂದಿರುಗಬೇಕು. ಮೈ ದಣಿದಿದ್ದರೂ ಮನಸ್ಸು ಹಗುರವಾಗಿರಬೇಕು. ಮೊಣಕಾಲು ತರಚಿದ್ದರೂ ಮೊಗದ ನಗು ಮಾಸಿರಬಾರದು. ಈ ಒಪ್ಪಂದವನ್ನು ಉಳಿಸಿಕೊಳ್ಳುವ ಬಗೆ ಯಾವುದು? ಒಳ್ಳೆಯವರೆಂದು ಹೆಸರಾದವರನ್ನು ನಂಬಿದರೆ ಸಾಕೆ? ಅಥವಾ ನಂಬಿಕೆಗೂ ಒಂದು ಬೇಲಿ ಬೇಕೆ? ಈ ಪ್ರಶ್ನೆಗೆ ಹಲವು ದೇಶಗಳ ಕ್ರೀಡಾರಂಗವು ಬಹು ದೊಡ್ಡ ಬೆಲೆಯನ್ನು ತೆತ್ತು ಉತ್ತರವನ್ನು ಕಲಿತುಕೊಂಡಿದೆ.

ಆಟದಲ್ಲಿ ಒದಗುವ ಅಪಾಯಗಳು ಎರಡು ತೆರನಾದವು. ಮೊದಲನೆಯದು ಕಣ್ಣಿಗೆ ಕಾಣುವಂಥದು. ಆಳವಾದ ಈಜುಕೊಳ, ನೆಲಕ್ಕೆ ಭದ್ರವಾಗಿ ಬಿಗಿಯದ ಗೋಲುಕಂಬ, ನೆತ್ತಿಯ ಮೇಲಿನ ಬಿರುಬಿಸಿಲು, ಮೈಮೇಲೆ ಬೀಳುವ ಪೆಟ್ಟು, ಇವೆಲ್ಲ ಈ ಬಗೆಯವು. ಇವುಗಳಿಗೆ ಮದ್ದು ತಿಳಿಯದುದೇನಲ್ಲ. ಕೊಳದ ದಡದಲ್ಲಿ ಜೀವರಕ್ಷಕನೊಬ್ಬನಿರಬೇಕು. ಬಿಸಿಲೇರಿದ ಹೊತ್ತಿನಲ್ಲಿ ಅಭ್ಯಾಸವನ್ನು ನಿಲ್ಲಿಸಿ ನೆರಳನ್ನೂ ನೀರನ್ನೂ ಒದಗಿಸಬೇಕು. ಪ್ರಥಮ ಚಿಕಿತ್ಸೆಯನ್ನು ಬಲ್ಲವರೊಬ್ಬರು ಹತ್ತಿರದಲ್ಲಿರಬೇಕು. ಆದರೆ ಮದ್ದು ತಿಳಿದಿದ್ದರೆ ಸಾಲದು. ಅದನ್ನು ಹೊತ್ತಿಗೆ ಸರಿಯಾಗಿ ಪ್ರಯೋಗಿಸುವ ವಿವೇಕವೂ ಬೇಕು.

2011ನೆಯ ಇಸವಿಯ ಜನವರಿ ತಿಂಗಳಲ್ಲಿ ಉತ್ತರ ಐರ್ಲೆಂಡಿನಲ್ಲಿ ಎರಡು ಶಾಲೆಗಳ ನಡುವೆ ರಗ್ಬಿ ಪಂದ್ಯವೊಂದು ನಡೆಯಿತು. ಅದರಲ್ಲಿ ಆಡುತ್ತಿದ್ದ 14 ವರ್ಷದ ಬಾಲಕನೊಬ್ಬನ ತಲೆಗೆ ಪೆಟ್ಟು ಬಿದ್ದಿತು. ಅವನನ್ನು ಉಪಚರಿಸಿದರು, ಅವನು ಆಟವನ್ನು ಮುಂದುವರಿಸಿದನು. ಪಂದ್ಯದ ಕೊನೆಯ ಗಳಿಗೆಯಲ್ಲಿ ಅವನು ಕುಸಿದು ಬಿದ್ದನು. ಎರಡು ದಿನಗಳ ತರುವಾಯ ಅವನು ತೀರಿಕೊಂಡನು. ತಲೆಗೆ ಬಿದ್ದ ಒಂದು ಪೆಟ್ಟಿನಿಂದ ಮಿದುಳು ಚೇತರಿಸಿಕೊಳ್ಳುವುದಕ್ಕೆ ಮುನ್ನವೇ ಮತ್ತೊಂದು ಪೆಟ್ಟು ಬಿದ್ದರೆ ಮಿದುಳು ಹಠಾತ್ತನೆ ಊದಿಕೊಳ್ಳಬಹುದು. ಎಳೆಯರಲ್ಲಿ ಈ ಅಪಾಯ ಪ್ರಾಣಾಂತಿಕವಾಗಬಲ್ಲುದು. ಈ ಸಂಗತಿ ಆ ಮೈದಾನದಲ್ಲಿದ್ದವರ ಮನಸ್ಸಿಗೆ ಅಂದು ಹೊಳೆಯಲಿಲ್ಲ.

ಆ ಬಾಲಕನ ಮರಣವು ವ್ಯರ್ಥವಾಗಬಾರದೆಂದು ಅವನ ಮನೆಯವರು ಪಟ್ಟ ಶ್ರಮವು ಬ್ರಿಟನ್ನಿನ ಕಣ್ಣನ್ನು ತೆರೆಸಿತು. 2023ರಲ್ಲಿ ಅಲ್ಲಿನ ಸರಕಾರವು ಊರುಕೇರಿಗಳ ಆಟಕ್ಕೆಲ್ಲ ಅನ್ವಯಿಸುವ ಮಾರ್ಗಸೂಚಿಯನ್ನು ಪ್ರಕಟಿಸಿತು. ತಲೆಗೆ ಪೆಟ್ಟು ಬಿದ್ದು ಮಿದುಳು ಅಲುಗಿರಬಹುದೆಂಬ ಸಂದೇಹ ಹುಟ್ಟಿದೊಡನೆಯೇ ಆಟಗಾರನನ್ನು ಹೊರಗೆ ಕರೆತರಬೇಕು. ಮೊದಲ 24ರಿಂದ 48 ಗಂಟೆಗಳ ಕಾಲ ಅವನಿಗೆ ವಿಶ್ರಾಂತಿ ಕೊಡಬೇಕು. ಕನಿಷ್ಠ 21 ದಿನಗಳವರೆಗೆ ಅವನನ್ನು ಪಂದ್ಯದಲ್ಲಿ ಆಡಿಸಬಾರದು. ಇದು ಅದರ ತಿರುಳು. ಇಲ್ಲಿ ಗಮನಿಸತಕ್ಕ ಅಂಶವೊಂದಿದೆ. ಪೆಟ್ಟು ತಿಂದ ಬಾಲಕನು ತಾನಾಗಿ ಆಟವನ್ನು ಬಿಟ್ಟು ಬರಲು ಒಪ್ಪುವುದಿಲ್ಲ. ತಂಡಕ್ಕಾಗಿ ನೋವನ್ನು ನುಂಗಿಕೊಳ್ಳುವುದೇ ವೀರತನವೆಂದು ಅವನು ತಿಳಿದಿರುತ್ತಾನೆ. ಅವನನ್ನು ತಡೆದು ನಿಲ್ಲಿಸುವುದು ಹಿರಿಯರ ಹೊಣೆ. ಗೆಲುವಿಗಿಂತ ಮಗು ದೊಡ್ಡದೆಂಬುದನ್ನು ಆ ಕ್ಷಣದಲ್ಲಿ ನೆನಪಿಡುವವನೇ ನಿಜವಾದ ತರಬೇತುದಾರ.

ಇನ್ನು ಎರಡನೆಯ ತೆರನಾದ ಅಪಾಯವು ಕಣ್ಣಿಗೆ ಕಾಣುವಂಥದಲ್ಲ. ಕೆಲವು ವೇಳೆ ಅದು ಒಳ್ಳೆಯತನದ ವೇಷವನ್ನೇ ತೊಟ್ಟು ಬರುತ್ತದೆ.

ಕ್ರೀಡೆಯಲ್ಲಿ ಗುರುವಿನ ಸ್ಥಾನ ಬಹು ಹಿರಿದು. ಗರಡಿಮನೆಗಳ ಕಾಲದಿಂದಲೂ ಉಸ್ತಾದನ ಮಾತಿಗೆ ಎದುರಾಡುವ ಶಿಷ್ಯನಿರಲಿಲ್ಲ. ಆ ಗೌರವ ಉಚಿತವಾದುದೇ. ಅದಿಲ್ಲದೆ ವಿದ್ಯೆ ಹತ್ತದು. ಆದರೆ ಗೌರವವು ಎಷ್ಟು ದೊಡ್ಡದೋ ಅದರೊಡನೆ ಕೈಗೆ ಬರುವ ಅಧಿಕಾರವೂ ಅಷ್ಟೇ ದೊಡ್ಡದು. ತಂಡಕ್ಕೆ ಯಾರನ್ನು ಆರಿಸಬೇಕು, ಯಾರನ್ನು ಕೈಬಿಡಬೇಕು ಎಂಬುದು ತರಬೇತುದಾರನ ಕೈಯಲ್ಲಿರುತ್ತದೆ. ಮಗುವಿನ ಕನಸಿನ ಕೀಲಿಕೈಯೇ ಅವನಲ್ಲಿರುತ್ತದೆ. ತರಬೇತುದಾರರಲ್ಲಿ ಬಹುಮಂದಿ ಈ ಅಧಿಕಾರವನ್ನು ಮಕ್ಕಳ ಏಳಿಗೆಗಾಗಿಯೇ ಬಳಸುತ್ತಾರೆ. ತಮ್ಮ ಸಂಜೆಗಳನ್ನೂ ಸಂಪಾದನೆಯನ್ನೂ ಅದಕ್ಕಾಗಿ ಸವೆಸುತ್ತಾರೆ. ಆದರೆ ಬೆಳ್ಳಗಿರುವುದೆಲ್ಲ ಹಾಲಲ್ಲ. ಅಧಿಕಾರವಿದ್ದೆಡೆಗೆ ಅದನ್ನು ದುರುಪಯೋಗ ಮಾಡಬಯಸುವವನೂ ಹುಡುಕಿಕೊಂಡು ಬರುತ್ತಾನೆ.

1995ರಲ್ಲಿ ಇಂಗ್ಲೆಂಡಿನ ಜನರನ್ನು ಬೆಚ್ಚಿಬೀಳಿಸಿದ ತೀರ್ಪೊಂದು ಹೊರಬಿದ್ದಿತು. ಒಲಿಂಪಿಕ್ ಕ್ರೀಡಾಕೂಟದಲ್ಲಿ ಬ್ರಿಟನ್ನಿನ ಈಜುಗಾರರಿಗೆ ತರಬೇತಿ ನೀಡಿದ್ದ ಪಾಲ್ ಹಿಕ್ಸನ್ ಎಂಬುವನು ತನ್ನ ಬಳಿ ಈಜು ಕಲಿಯುತ್ತಿದ್ದ ಬಾಲಕಿಯರ ಮೇಲೆ ವರ್ಷಗಟ್ಟಲೆ ಲೈಂಗಿಕ ದೌರ್ಜನ್ಯವನ್ನು ಎಸಗಿದ್ದನೆಂಬುದು ಸಿದ್ಧವಾಗಿ, ಅವನಿಗೆ 17 ವರ್ಷಗಳ ಸೆರೆವಾಸವಾಯಿತು. ಫುಟ್‌ಬಾಲ್ ಆಟದಲ್ಲಿಯೂ ಅಂತಹವನೊಬ್ಬನಿದ್ದನು. ಬಾಲಕರಲ್ಲಿ ಪ್ರತಿಭೆಯನ್ನು ಗುರುತಿಸುವುದರಲ್ಲಿ ನಿಪುಣನೆಂದು ಹೆಸರಾಗಿದ್ದ ಬ್ಯಾರಿ ಬೆನೆಲ್ ಎಂಬ ತರಬೇತುದಾರನನ್ನು 1994ರಲ್ಲಿ ಅಮೆರಿಕದ ಫ್ಲಾರಿಡಾದಲ್ಲಿ ಬಂಧಿಸಲಾಗಿತ್ತು. ಅವನು ಆಗ ಬಾಲಕರ ತಂಡದೊಡನೆ ಪ್ರವಾಸದಲ್ಲಿದ್ದನು. ಅಲ್ಲಿ ಅವನಿಗೆ ಶಿಕ್ಷೆಯಾಯಿತು. 1998ರಲ್ಲಿ ಇಂಗ್ಲೆಂಡಿನ ನ್ಯಾಯಾಲಯವೂ ಅವನಿಗೆ 9 ವರ್ಷಗಳ ಶಿಕ್ಷೆಯನ್ನು ವಿಧಿಸಿತು. ಇಷ್ಟಾದರೂ ಅವನ ಕೈಕೆಳಗೆ ಆಡಿದ್ದ ಉಳಿದ ಬಾಲಕರು ಏನಾದರೆಂದು ಗಟ್ಟಿಯಾಗಿ ಕೇಳಿದವರು ವಿರಳ.

2016ರ ನವೆಂಬರಿನಲ್ಲಿ ಆಂಡಿ ವುಡ್‌ವರ್ಡ್ ಎಂಬ ಮಾಜಿ ಆಟಗಾರನು ಬಾಲ್ಯದಲ್ಲಿ ಬೆನೆಲ್‌ನಿಂದ ತಾನು ಅನುಭವಿಸಿದ ಹಿಂಸೆಯನ್ನು ಹೆಸರು ಮುಚ್ಚಿಡದೆ ಪತ್ರಿಕೆಯ ಮುಂದೆ ಹೇಳಿಕೊಂಡನು. ಆಗ ಅವನಿಗೆ ನಲವತ್ತು ದಾಟಿತ್ತು. ಅವನ ಮಾತು ಕಟ್ಟೆಯೊಡೆದ ನೀರಿನಂತಾಯಿತು. ಮೂರು ದಶಕಗಳಷ್ಟು ಕಾಲ ಬಾಯಿ ಬಿಡದಿದ್ದ ಇತರ ಆಟಗಾರರು ಒಬ್ಬೊಬ್ಬರಾಗಿ ಮುಂದೆ ಬಂದರು. ಅವರಿಗಾಗಿ ತೆರೆದ ದೂರವಾಣಿಗೆ ಮೊದಲ ವಾರದಲ್ಲಿಯೇ ನೂರಾರು ಕರೆಗಳು ಬಂದವು. 2018ರಲ್ಲಿ ಬೆನೆಲ್‌ಗೆ ಮತ್ತೆ ಸುದೀರ್ಘ ಸೆರೆವಾಸವಾಯಿತು. 2023ರಲ್ಲಿ ಅವನು ಸೆರೆಯಲ್ಲಿಯೇ ಸತ್ತನು. ಇಂಗ್ಲೆಂಡಿನ ಫುಟ್‌ಬಾಲ್ ಸಂಸ್ಥೆಯು ಕ್ಲೈವ್ ಷೆಲ್ಡನ್ ಎಂಬ ನ್ಯಾಯವಾದಿಯಿಂದ ವಿಚಾರಣೆಯನ್ನು ಮಾಡಿಸಿತು. 2021ರಲ್ಲಿ ಪ್ರಕಟವಾದ ಆ ವರದಿಯು, 1995ರ ಅಕ್ಟೋಬರಿನಿಂದ 2000ದ ಮೇ ತಿಂಗಳವರೆಗೆ ಮಕ್ಕಳನ್ನು ರಕ್ಷಿಸಲು ಸಂಸ್ಥೆಯು ಮಾಡಬೇಕಾದಷ್ಟನ್ನು ಮಾಡಲಿಲ್ಲವೆಂದು ಸ್ಪಷ್ಟವಾಗಿ ನುಡಿಯಿತು. ಊರು ಕೊಳ್ಳೆಹೋದ ಮೇಲೆ ಕೋಟೆಯ ಬಾಗಿಲು ಹಾಕಿದರೆಂಬ ಗಾದೆ ಇಂತಹ ಸಂದರ್ಭಕ್ಕೆಂದೇ ಹುಟ್ಟಿದಂತಿದೆ.

ಆ ಮಕ್ಕಳು ಅಷ್ಟು ಕಾಲ ಏಕೆ ಸುಮ್ಮನಿದ್ದರು? ಕೇಳುವವರಿಗೆ ಇದು ಸೋಜಿಗವಾಗಿ ತೋರಬಹುದು. ಆದರೆ ಇಂತಹ ದುಷ್ಟರು ನಡೆಯುವ ಹಾದಿಯನ್ನು ಬಲ್ಲವರಿಗೆ ಸೋಜಿಗವಿಲ್ಲ. ದುಷ್ಟನು ಮೊದಲ ದಿನವೇ ದುಷ್ಟನಾಗಿ ಕಾಣಿಸಿಕೊಳ್ಳುವುದಿಲ್ಲ. ಅವನು ಮೊದಲು ಮನೆಯವರ ವಿಶ್ವಾಸವನ್ನು ಗಳಿಸುತ್ತಾನೆ. ಮಗುವಿಗೆ ಹೊಸ ಬೂಟುಗಳನ್ನೋ ತಿನಿಸುಗಳನ್ನೋ ತಂದುಕೊಡುತ್ತಾನೆ. ಎಲ್ಲರಿಗಿಂತ ನೀನೇ ಮೇಲೆಂದು ಹೊಗಳಿ, ಉಳಿದವರಿಂದ ಮಗುವನ್ನು ಬೇರ್ಪಡಿಸುತ್ತಾನೆ. ವಿಶೇಷ ಅಭ್ಯಾಸವೆಂದು ಹೇಳಿ ಒಂಟಿಯಾಗಿ ಕರೆಯುತ್ತಾನೆ. ಸಣ್ಣಪುಟ್ಟ ಗುಟ್ಟುಗಳಿಂದ ತೊಡಗಿ ದೊಡ್ಡ ಗುಟ್ಟಿನಲ್ಲಿ ಮಗುವನ್ನು ಸಿಕ್ಕಿಸುತ್ತಾನೆ. ಬಾಯಿ ಬಿಟ್ಟರೆ ತಂಡದಿಂದ ಹೊರಗೆ ಹಾಕುವೆನೆಂದೋ, ಯಾರೂ ನಂಬುವುದಿಲ್ಲವೆಂದೋ ಹೆದರಿಸುತ್ತಾನೆ. ಹೀಗೆ ಬಲೆಯಲ್ಲಿ ಬಿದ್ದ ಮಗುವು ತಪ್ಪು ತನ್ನದೇ ಎಂದು ಭಾವಿಸಿ ನಾಚಿಕೆಯಿಂದ ಮೂಕವಾಗುತ್ತದೆ. ಅದರ ಮೌನವೇ ದುಷ್ಟನಿಗೆ ಕೋಟೆಯಾಗುತ್ತದೆ.

ಆ ಕೋಟೆಯನ್ನು ಕಟ್ಟಗೊಡದಿರುವ ಉಪಾಯವೇ ನಿಯಮಗಳ ಬೇಲಿ. 2001ರಲ್ಲಿ ಇಂಗ್ಲೆಂಡಿನಲ್ಲಿ ಕ್ರೀಡೆಯಲ್ಲಿರುವ ಮಕ್ಕಳ ರಕ್ಷಣೆಗಾಗಿಯೇ ಪ್ರತ್ಯೇಕವಾದ ಘಟಕವೊಂದು ಸ್ಥಾಪಿತವಾಯಿತು. ಮಕ್ಕಳ ತಂಡಗಳುಳ್ಳ ಪ್ರತಿಯೊಂದು ಫುಟ್‌ಬಾಲ್ ಸಂಘದಲ್ಲಿಯೂ ಇಂದು ಮಕ್ಕಳ ಹಿತವನ್ನು ನೋಡಿಕೊಳ್ಳುವ ಅಧಿಕಾರಿಯೊಬ್ಬನಿರಲೇಬೇಕು. ತರಬೇತಿ ನೀಡಲು ಬರುವವನ ಹಿಂದಿನ ನಡತೆಯನ್ನು ಅಧಿಕೃತ ದಾಖಲೆಗಳಿಂದ ಪರಿಶೀಲಿಸಬೇಕು. ಇದಲ್ಲದೆ ಒಳ್ಳೆಯ ಸಂಘಗಳೆಲ್ಲ ಪಾಲಿಸುವ ಕೆಲವು ಕಟ್ಟುಗಳಿವೆ. ದೊಡ್ಡವನೊಬ್ಬನು ಮಗುವೊಂದರೊಡನೆ ಮುಚ್ಚಿದ ಕೋಣೆಯಲ್ಲಿ ಒಂಟಿಯಾಗಿರಕೂಡದು. ಬಟ್ಟೆ ಬದಲಿಸುವ ಕೋಣೆಯಲ್ಲಿ ಭಾವಚಿತ್ರವನ್ನು ತೆಗೆಯಕೂಡದು. ಪರಸ್ಥಳದ ಪಂದ್ಯಗಳಿಗೆ ಹೋದಾಗ ಮಕ್ಕಳೂ ದೊಡ್ಡವರೂ ಒಂದೇ ಕೋಣೆಯಲ್ಲಿ ಮಲಗಕೂಡದು. ತರಬೇತುದಾರನು ಮಗುವೊಂದನ್ನೇ ತನ್ನ ವಾಹನದಲ್ಲಿ ಕರೆದೊಯ್ಯಕೂಡದು. ದೂರವಾಣಿಯಲ್ಲಿ ಸಂದೇಶವನ್ನು ಕಳುಹಿಸಬೇಕಾದರೆ ಅದು ಪೋಷಕರ ಕಣ್ಣಿಗೂ ಬೀಳುವಂತಿರಬೇಕು. ಮೈಮುಟ್ಟಿ ತಿದ್ದಬೇಕಾದ ಆಟಗಳಲ್ಲಿ ಏಕೆ, ಹೇಗೆ ಮುಟ್ಟುವೆನೆಂಬುದನ್ನು ಮೊದಲೇ ತಿಳಿಸಿ, ಮಗುವಿನ ಒಪ್ಪಿಗೆಯನ್ನು ಪಡೆದು, ಎಲ್ಲರ ಎದುರಿನಲ್ಲಿಯೇ ತಿದ್ದಬೇಕು.

ಇಂತಹ ನಿಯಮಗಳನ್ನು ಕೇಳಿ ಕೆಲವರು ಮುನಿಸಿಕೊಳ್ಳುವುದುಂಟು. ಜೀವಮಾನವೆಲ್ಲ ಮಕ್ಕಳಿಗಾಗಿ ದುಡಿದ ತರಬೇತುದಾರನು, ನನ್ನನ್ನೂ ಸಂಶಯದಿಂದ ನೋಡುವಿರಾ ಎಂದು ನೊಂದು ಕೇಳಬಹುದು. ಅವನ ನೋವು ಸಹಜವಾದುದು. ಆದರೆ ಊರಿನ ಸಹಕಾರ ಸಂಘಕ್ಕೆ ವರ್ಷಕ್ಕೊಮ್ಮೆ ಲೆಕ್ಕಪರಿಶೋಧಕನು ಬರುತ್ತಾನೆ. ಅವನು ಬಂದನೆಂದು ಕಾರ್ಯದರ್ಶಿಯನ್ನು ಯಾರಾದರೂ ಕಳ್ಳನೆನ್ನುವರೆ? ಲೆಕ್ಕ ನೇರವಾಗಿದ್ದ ಕಾರ್ಯದರ್ಶಿಗೆ ಪರಿಶೋಧನೆಯಿಂದ ಗೌರವವೇ ಹೆಚ್ಚುತ್ತದೆ. ಅವನ ಮೇಲೆ ನಾಳೆ ಯಾರೂ ಸುಳ್ಳು ಅಪವಾದವನ್ನು ಹೊರಿಸಲಾರರು. ಆಟದ ಬಯಲಿನ ನಿಯಮಗಳೂ ಹಾಗೆಯೇ. ಅವು ಸಜ್ಜನನ ಮೇಲಿನ ಸಂದೇಹದಿಂದ ಹುಟ್ಟಿದುವಲ್ಲ. ಸಜ್ಜನನಾರು, ದುರ್ಜನನಾರು ಎಂಬುದು ಮುಖವನ್ನು ನೋಡಿ ತಿಳಿಯತಕ್ಕದ್ದಲ್ಲವಾದುದರಿಂದ, ಎಲ್ಲರಿಗೂ ಒಂದೇ ಅಳತೆಯನ್ನು ಇಟ್ಟಿದೆ, ಅಷ್ಟೆ. ಸಜ್ಜನನು ಬಾಗಿಲನ್ನು ತೆರೆದಿಟ್ಟುಕೊಂಡೇ ಪಾಠ ಹೇಳಬಲ್ಲನು. ಮುಚ್ಚಿದ ಬಾಗಿಲೇ ಬೇಕೆಂದು ಹಟ ಹಿಡಿಯುವವನ ವಿಷಯದಲ್ಲಿ ಸಂಘವು ಎಚ್ಚರಗೊಳ್ಳಬೇಕು.

ಬೇಲಿಯನ್ನು ಕಟ್ಟಿದೊಡನೆಯೇ ಕೆಲಸ ಮುಗಿಯಲಿಲ್ಲ. ಬೇಲಿಯೊಳಗಿನಿಂದ ಕೂಗು ಕೇಳಿಬಂದಾಗ ಕಿವಿಗೊಡುವವರೂ ಇರಬೇಕು. ಅಮೆರಿಕದ ಜಿಮ್ನಾಸ್ಟಿಕ್ಸ್ ತಂಡಕ್ಕೆ ವೈದ್ಯನಾಗಿದ್ದ ಲ್ಯಾರಿ ನಾಸರ್ ಎಂಬುವನು ಚಿಕಿತ್ಸೆಯ ನೆಪದಲ್ಲಿ ಎಳೆಯ ಆಟಗಾರ್ತಿಯರ ಮೇಲೆ ದೌರ್ಜನ್ಯ ನಡೆಸುತ್ತಿದ್ದನು. ಅವನ ಬಗ್ಗೆ 1990ರ ದಶಕದಲ್ಲಿಯೇ ಹುಡುಗಿಯರು ಹಿರಿಯರಿಗೆ ತಿಳಿಸಿದ್ದರು. ಆದರೆ ಅವರ ಮಾತನ್ನು ತಪ್ಪು ತಿಳಿವಳಿಕೆಯೆಂದು ತಳ್ಳಿಹಾಕಲಾಯಿತು. ವೈದ್ಯನ ಕೀರ್ತಿಯ ಮುಂದೆ ಮಗುವಿನ ಮಾತು ಹಗುರವಾಗಿ ಕಂಡಿತು. ಕೆಲವು ಸಂದರ್ಭಗಳಲ್ಲಿ ಮಗುವಿನ ಹೆತ್ತವರು ಅದೇ ಕೋಣೆಯಲ್ಲಿ ಇದ್ದರು. ಅವರ ನೋಟಕ್ಕೆ ಮರೆಯಾಗುವಂತೆ ಅವನು ನಿಲ್ಲುತ್ತಿದ್ದನು. 2016ರಲ್ಲಿ ರೇಚಲ್ ಡೆನ್‌ಹಾಲಂಡರ್ ಎಂಬ ಮಹಿಳೆ ಬಹಿರಂಗವಾಗಿ ದೂರನ್ನು ಹೇಳಿದ ಮೇಲೆ ಸತ್ಯವು ಹೊರಬಂದಿತು. 2018ರ ಜನವರಿಯಲ್ಲಿ 150ಕ್ಕೂ ಮಿಕ್ಕ ಮಹಿಳೆಯರು ಒಬ್ಬರ ಬಳಿಕ ಒಬ್ಬರಂತೆ ನ್ಯಾಯಾಲಯದಲ್ಲಿ ನಿಂತು ತಮ್ಮ ಕಥೆಯನ್ನು ಹೇಳಿದರು. ನ್ಯಾಯಾಲಯವು ಅವನಿಗೆ 40ರಿಂದ 175 ವರ್ಷಗಳ ಸೆರೆವಾಸವನ್ನು ವಿಧಿಸಿತು. ಮೊದಲ ಹುಡುಗಿಯ ಮಾತನ್ನು ಮೊದಲ ದಿನವೇ ಕೇಳಿದ್ದರೆ, ಅವಳ ಬಳಿಕ ಬಂದ ಎಷ್ಟೋ ಮಂದಿಗೆ ಆ ನೋವು ತಟ್ಟುತ್ತಲೇ ಇರಲಿಲ್ಲ.

ದೂರ ದೇಶದ ಕಥೆಯೆಂದು ಇದನ್ನು ಮರೆಯುವಂತಿಲ್ಲ. ಮಕ್ಕಳು ಎಲ್ಲೆಡೆಯೂ ಮಕ್ಕಳೇ. ಅಧಿಕಾರವು ಎಲ್ಲೆಡೆಯೂ ಅಧಿಕಾರವೇ. ಭಾರತದ ಸಂಸತ್ತು ಲೈಂಗಿಕ ಅಪರಾಧಗಳಿಂದ ಮಕ್ಕಳನ್ನು ರಕ್ಷಿಸುವ ಕಾಯ್ದೆಯನ್ನು 2012ರಲ್ಲಿ ಅಂಗೀಕರಿಸಿತು. ಪೋಕ್ಸೊ ಎಂದು ಪ್ರಸಿದ್ಧವಾದ ಈ ಕಾಯ್ದೆಯು ಅದೇ ವರ್ಷದ ನವೆಂಬರ್ 14ರಂದು, ಮಕ್ಕಳ ದಿನಾಚರಣೆಯಂದೇ ಜಾರಿಗೆ ಬಂದಿತು. 18 ವರ್ಷ ತುಂಬದ ಎಲ್ಲರೂ ಇದರ ದೃಷ್ಟಿಯಲ್ಲಿ ಮಕ್ಕಳೇ. ಇದರ ರಕ್ಷಣೆಯಲ್ಲಿ ಗಂಡುಮಗು, ಹೆಣ್ಣುಮಗು ಎಂಬ ಭೇದವಿಲ್ಲ. ಇಂತಹ ಅಪರಾಧ ನಡೆದಿದೆಯೆಂದು ತಿಳಿದ ಯಾರೇ ಆಗಲಿ ಅದನ್ನು ಪೊಲೀಸರಿಗೆ ತಿಳಿಸಲೇಬೇಕು. ಸಂಸ್ಥೆಯ ಮಾನವನ್ನು ಕಾಯುವ ನೆಪದಿಂದ ಮುಚ್ಚಿಟ್ಟವನೂ ಶಿಕ್ಷಾರ್ಹನಾಗುತ್ತಾನೆ. ದೂರು ನೀಡಿದ ಮಗುವಿನ ಹೆಸರನ್ನಾಗಲಿ ಗುರುತನ್ನಾಗಲಿ ಪತ್ರಿಕೆಗಳು ಬಯಲುಮಾಡಕೂಡದು. ಸಂಕಟದಲ್ಲಿರುವ ಮಗುವು, ಅಥವಾ ಅದರ ಪರವಾಗಿ ಯಾರಾದರೂ, ಹಗಲಿರುಳೆನ್ನದೆ 1098 ಎಂಬ ಸಂಖ್ಯೆಗೆ ಉಚಿತವಾಗಿ ಕರೆಮಾಡಿ ನೆರವನ್ನು ಕೇಳಬಹುದು.

ಆದರೆ ಕಾಯ್ದೆಯು ಕೊನೆಯ ಬಾಗಿಲು. ಅದಕ್ಕೂ ಮೊದಲು ಮನೆಯ ಬಾಗಿಲು ತೆರೆದಿರಬೇಕು. ಮಗಳು ಅಳುಕುತ್ತ ಒಂದು ಮಾತನ್ನು ಹೇಳಿದಾಗ, ಇನ್ನು ಮೇಲೆ ಆಟಕ್ಕೇ ಹೋಗಬೇಡವೆಂದು ಅವಳನ್ನು ಮನೆಯಲ್ಲಿ ಕೂರಿಸುವ ತಂದೆತಾಯಿಗಳುಂಟು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತೆ ಇದು. ತಪ್ಪು ಮಾಡಿದವನು ಬಯಲಿನಲ್ಲಿ ನಿಂತಿರಲು, ನೊಂದವಳು ಬಯಲನ್ನು ಕಳೆದುಕೊಳ್ಳುತ್ತಾಳೆ. ಅವಳನ್ನು ಕಂಡ ಮತ್ತೊಬ್ಬಳು ತನ್ನ ನೋವನ್ನು ಹೇಳಲು ಅಂಜುತ್ತಾಳೆ. ಮಗುವಿನ ಮಾತನ್ನು ತಾಳ್ಮೆಯಿಂದ ಕೇಳಿ, ಹೇಳಿದ್ದು ಒಳ್ಳೆಯದಾಯಿತು, ತಪ್ಪು ನಿನ್ನದಲ್ಲ ಎಂದು ಧೈರ್ಯ ತುಂಬುವುದೇ ಹಿರಿಯರು ಮಾಡತಕ್ಕ ಮೊದಲ ಕೆಲಸ.

ಮಕ್ಕಳ ಪಾತ್ರವೂ ಇಲ್ಲಿ ಕಿರಿದಲ್ಲ. ತನ್ನ ಮೈ ತನ್ನದೆಂದೂ, ಹಿರಿಯರಾದರೂ ಸರಿ, ಮನಸ್ಸಿಗೆ ಒಗ್ಗದ ಸ್ಪರ್ಶವನ್ನು ಬೇಡವೆನ್ನುವುದು ಅವಿನಯವಲ್ಲವೆಂದೂ ಪ್ರತಿಯೊಂದು ಮಗುವೂ ತಿಳಿದಿರಬೇಕು. ಮನೆಯವರಿಗೆ ಹೇಳಕೂಡದೆಂದು ಯಾರಾದರೂ ಅಪ್ಪಣೆ ಮಾಡಿದರೆ ಅದನ್ನೇ ಮೊದಲು ಹೇಳಬೇಕು. ಒಬ್ಬರು ಕೇಳದಿದ್ದರೆ ಇನ್ನೊಬ್ಬರಿಗೆ, ಅವರೂ ಕೇಳದಿದ್ದರೆ ಮತ್ತೊಬ್ಬರಿಗೆ ಹೇಳುತ್ತಲೇ ಹೋಗಬೇಕು. ನಿನ್ನೆಯವರೆಗೆ ನಗುತ್ತಿದ್ದ ಗೆಳೆಯನು ಇಂದು ಆಟಕ್ಕೆ ಬರಲು ಹಿಂಜರಿದರೆ, ಅವನನ್ನು ಹೇಡಿಯೆಂದು ಹಾಸ್ಯ ಮಾಡುವುದಕ್ಕೆ ಬದಲಾಗಿ ಅವನ ಬಳಿ ಕುಳಿತು ಏನಾಯಿತೆಂದು ಕೇಳುವವನೇ ನಿಜವಾದ ಸಂಗಾತಿ. ತಂಡವೆಂದರೆ ಚೆಂಡನ್ನು ದಾಟಿಸುವುದಷ್ಟೇ ಅಲ್ಲ. ಸಂಗಾತಿಯ ದುಃಖವನ್ನು ಸರಿಯಾದ ಕೈಗೆ ತಲುಪಿಸುವುದೂ ತಂಡದ ಆಟವೇ.

ಬೇಲಿಯೆಂದೊಡನೆ ಬಂಧನವೆಂದು ಭಾವಿಸಬಾರದು. ತೆವರಿಗೆ ಬೇಲಿಯಿದ್ದ ಹೊಲದಲ್ಲಿಯೇ ಪೈರು ನಿಶ್ಚಿಂತೆಯಿಂದ ಬೆಳೆಯುತ್ತದೆ. ತನ್ನನ್ನು ಕಾಯುವವರಿದ್ದಾರೆ, ತನ್ನ ಮಾತನ್ನು ಕೇಳುವವರಿದ್ದಾರೆ ಎಂಬ ಭರವಸೆಯುಳ್ಳ ಮಗುವು ಎಲ್ಲರಿಗಿಂತ ವೇಗವಾಗಿ ಓಡಬಲ್ಲುದು, ಎತ್ತರಕ್ಕೆ ನೆಗೆಯಬಲ್ಲುದು, ಸೋಲನ್ನೂ ನಗುತ್ತ ಎದುರಿಸಬಲ್ಲುದು. ಪದಕಗಳನ್ನು ಎಣಿಸುವುದಕ್ಕೆ ಮೊದಲು, ಸಂಜೆ ಆಟ ಮುಗಿದ ಮೇಲೆ ನಗುತ್ತ ಮನೆಗೆ ಹಿಂದಿರುಗಿದ ಮಕ್ಕಳನ್ನು ಎಣಿಸುವ ಸಂಘವೇ ಒಳ್ಳೆಯ ಸಂಘ.